ಸಮಾಧಾನವೋ, ಬಾಯಿಮುಚ್ಚಿಸುವಿಕೆಯೋ? ನ್ಯಾಯಸ್ಥಾಪಕರು 19ನೇ ಅಧ್ಯಾಯವೂ ಹಾಸನ ಸೀಮೆಯ ಸಭಾಸೇವೆಯೂ

ನಮ್ಮ ಪ್ರಸಂಗಪೀಠಗಳಲ್ಲಿ ‘ಸಮಾಧಾನ’ ಎಂಬ ಮಾತು ಹೊರುವಷ್ಟು ಭಾರವನ್ನು ಬೇರೆ ಮಾತುಗಳು ಹೊರುವುದು ಅಪರೂಪ. ಹೀಬ್ರೂವಿನ ಶಾಲೋಮ್, ಗ್ರೀಕಿನ ಐರೇನೇ, ಪೌಲನ ಪತ್ರಿಕೆಗಳ ಕಟಲ್ಲಗೇ ಎಂಬ ಮೂರು ಪದಗಳು ಕನ್ನಡ ಸತ್ಯವೇದದ ರೂಢಿಯ ಭಾಷೆಯಲ್ಲಿ ಬಹುಮಟ್ಟಿಗೆ ಈ ಒಂದೇ ಮಾತಿನೊಳಗೆ ಸೇರಿಕೊಂಡಿವೆ. ಮೊದಲನೆಯದು ಕುಂದಿಲ್ಲದ ಬಾಳನ್ನೂ ಎರಡನೆಯದು ಕಲಹದ ನಿಲುಗಡೆಯನ್ನೂ ಮುಖ್ಯವಾಗಿ ಸೂಚಿಸಿದರೆ, ಮೂರನೆಯದು ವಿನಿಮಯವೆಂಬ ಮೂಲಾರ್ಥದಿಂದ ಹೊರಟು ಸಂಬಂಧವೇ ಮಾರ್ಪಡುವುದನ್ನು ಹೇಳುತ್ತದೆ. ಆದರೆ ಸಭೆಯ ಬಾಗಿಲಿನ ಆಚೆ ಮನೆಮಾತಿನಲ್ಲಿ ‘ಸಮಾಧಾನ ಮಾಡು’ ಎಂದರೆ ಅಳುವವರ ಅಳು ನಿಲ್ಲಿಸು ಎಂದೇ ಅರ್ಥ. ಅಳುವಿಗೆ ಕಾರಣವಾದುದನ್ನು ನಿಲ್ಲಿಸು ಎಂದಲ್ಲ. ಗಂಡನ ಕೈಯಿಂದ ಏಟು ತಿಂದ ಹೆಂಗಸು ಸಭಾಪಾಲಕರ ಬಾಗಿಲಿಗೆ ಬಂದಾಗ ಈ ಎರಡು ಅರ್ಥಗಳಲ್ಲಿ ಯಾವುದು ಅವಳ ಪಾಲಿಗೆ ದೊರೆಯುತ್ತದೆ ಎಂಬುದೇ ಈ ವಿಮರ್ಶೆಯ ಪ್ರಶ್ನೆ.

ನನ್ನ ವಾದ ಇಷ್ಟು. ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ನಮ್ಮ ಸಭೆಗಳು ನೀಡುವ ನೆರವಿನಲ್ಲಿ ಕರುಣೆಗೆ ಕೊರತೆಯಿಲ್ಲ. ಕೊರತೆಯಿರುವುದು ಆ ಕರುಣೆಯ ದೇವಶಾಸ್ತ್ರದಲ್ಲಿ. ಅದು ಹಿಂಸೆಯನ್ನು ಇಬ್ಬರ ನಡುವಣ ಜಗಳವೆಂದು ಓದುತ್ತದೆ, ಜಗಳವೆಂದು ಓದಿದ ಮೇಲೆ ರಾಜಿಯನ್ನೇ ಮದ್ದೆಂದು ಕೊಡುತ್ತದೆ, ರಾಜಿ ಮುರಿದಾಗ ಅವಳಿಗೇ ತಾಳ್ಮೆಯ ಪಾಠ ಹೇಳುತ್ತದೆ. ಈ ಓದು ಶಾಸ್ತ್ರಸಮ್ಮತವಲ್ಲವೆಂಬುದನ್ನು ನ್ಯಾಯಸ್ಥಾಪಕರು 19ನೇ ಅಧ್ಯಾಯದ ನಿಧಾನವಾದ ಓದಿನಿಂದ ತೋರಿಸಿ, ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಸಭಾಸೇವೆ ಹಿಡಿಯಬಹುದಾದ ದಾರಿಯನ್ನು ಸೂಚಿಸಲು ಇಲ್ಲಿ ಯತ್ನಿಸಿದೆ.

1. ಸೀಮೆಯ ಸ್ಥಿತಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019–21ರಲ್ಲಿ ನಡೆಯಿತು. ಅದರ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆಗೆ ಒಳಗಾದವರು. ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಏರಿಕೆಯಲ್ಲಿ ಒಂದು ಪಾಲು, ಹಿಂದೆ ಹೇಳದವರು ಈಗ ಹೇಳಿದ್ದರಿಂದಲೂ ಬಂದಿರಬಹುದು; ಹಾಗಿದ್ದರೆ ಹಿಂದಿನ ಅಂಕಿಯೇ ಮೌನದ ಲೆಕ್ಕವಾಗಿತ್ತು ಎಂದಾಯಿತು. ಅದಕ್ಕಿಂತಲೂ ಪ್ರಸಂಗಪೀಠಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿ ಇನ್ನೊಂದಿದೆ. ಹೇಳದೆ ಹೊರಗೆ ಹೋದದ್ದು, ಅಡುಗೆ ಕೆಟ್ಟದ್ದು, ಎದುರು ಮಾತಾಡಿದ್ದು, ಅತ್ತೆಮಾವಂದಿರಿಗೆ ಮರ್ಯಾದೆ ಕೊಡದ್ದು ಮೊದಲಾದ ಕಾರಣಗಳಲ್ಲಿ ಒಂದಾದರೂ ಇದ್ದರೆ ಗಂಡ ಹೊಡೆಯುವುದು ಸರಿಯೆಂದು ಒಪ್ಪಿದವರು ಕರ್ನಾಟಕದ ಸ್ತ್ರೀಯರಲ್ಲಿ ಶೇ. 76.9, ಪುರುಷರಲ್ಲಿ ಶೇ. 81.9. ಇವರೆಲ್ಲ ನಮ್ಮ ಆರಾಧನೆಯಿಂದ ಹೊರಗಿನವರೆಂದು ಭಾವಿಸಲು ಯಾವ ಆಧಾರವೂ ಇಲ್ಲ. ಪ್ರಸಂಗ ಕೇಳುವವರೂ ಮಾಡುವವರೂ ಈ ಲೆಕ್ಕದೊಳಗೇ ಇದ್ದಾರೆ.

ನೆರವಿನ ಸಂಸ್ಥೆಗಳು ಈ ಸೀಮೆಯಲ್ಲಿ ಇಲ್ಲದಿಲ್ಲ. ರಾಜ್ಯ ಸರ್ಕಾರ 2000–01ರಲ್ಲಿ ಆರಂಭಿಸಿದ ‘ಸಾಂತ್ವನ’ ಯೋಜನೆ ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲಿ ಆಪ್ತಸಮಾಲೋಚನೆ, ತಾತ್ಕಾಲಿಕ ಆಶ್ರಯ, ಕಾನೂನು ನೆರವುಗಳನ್ನು ತಾಲ್ಲೂಕುಗಳಿಗೆ ಒಯ್ಯಲು ರೂಪುಗೊಂಡದ್ದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳ ಹೊಣೆಯನ್ನೂ ಹೊತ್ತಿದ್ದಾರೆ. 2015ರಿಂದ ಕೇಂದ್ರದ ‘ಸಖಿ’ ಯೋಜನೆಯಡಿ ಚಿಕಿತ್ಸೆ, ಪೊಲೀಸು, ಕಾನೂನು, ಸಮಾಲೋಚನೆಗಳನ್ನು ಜಿಲ್ಲೆಗೊಂದರಂತೆ ಒಂದೇ ಸೂರಿನಡಿ ತರಲು ಹೊರಡಲಾಯಿತು. ಅಲ್ಲಿ ಉಳಿದುಕೊಳ್ಳಲು ಯೋಜನೆ ಕೊಟ್ಟ ಅವಧಿ ಐದು ದಿನ. 181 ಮಹಿಳಾ ಸಹಾಯವಾಣಿಯೂ ಇದೆ.

ಆದರೆ ಯೋಜನೆ ಇರುವ ಕಡೆಗೆ ಹೆಂಗಸು ತಲುಪುವ ದಾರಿ ಬೇರೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಹಾಸನ ಪಟ್ಟಣ ಮೂವತ್ತು ನಲವತ್ತು ಕಿಲೋಮೀಟರು. 2023ರ ಜೂನ್‌ನಿಂದ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣ ಬೇಕಿಲ್ಲ; ಹಾಗಾಗಿ ಹತ್ತುವುದು ಸುಲಭವಾಯಿತು, ಇಳಿದು ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಹಾಗೇ ಉಳಿಯಿತು. ಪಡಿತರ ಚೀಟಿಯಲ್ಲಿ ಅವಳ ಹೆಸರು ಅತ್ತೆಯ ಹೆಸರಿನ ಕೆಳಗಿರುತ್ತದೆ. ಮನೆಯೊಡತಿಗೆಂದು ಬರುವ ತಿಂಗಳ ಎರಡು ಸಾವಿರ ರೂಪಾಯಿಯೂ ಅಲ್ಲಿಗೇ ಸೇರುತ್ತದೆ. ಸಂಘದಲ್ಲಿ ತೆಗೆದ ಸಾಲ ಮಾತ್ರ ಅವಳ ಹೆಸರಿನಲ್ಲಿದ್ದು ಬೆನ್ನ ಹಿಂದೆಯೇ ಬರುತ್ತದೆ. ಇದರ ಮೇಲೆ ಈ ಸೀಮೆಯ ಸಂಬಂಧದೊಳಗಿನ ಮದುವೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಕೈಹಿಡಿದವಳಿಗೆ ಗಂಡನ ಮನೆ ಬೇರೆ, ತವರುಮನೆ ಬೇರೆ ಎಂಬ ವಿಂಗಡಣೆಯೇ ತೆಳುವು. ಗಂಡನ ಮೇಲೆ ದೂರು ಹೇಳುವುದೆಂದರೆ ತಾಯಿಯ ತಮ್ಮನ ಮೇಲೆ ತಾಯಿಯ ಮುಂದೆ ದೂರು ಹೇಳುವುದು. ಆಗ ‘ಹೊಂದಿಕೊಂಡು ಹೋಗು’ ಎಂಬುದು ಬುದ್ಧಿವಾದವಾಗಿ ಉಳಿಯದೆ, ಎರಡು ಮನೆಗಳ ಒಮ್ಮತದ ತೀರ್ಪಾಗುತ್ತದೆ.

ಈ ನೋವನ್ನು ಹಾಸನದ ನೆಲವೇ ನೆನಪಿಟ್ಟುಕೊಂಡಿದೆ. ವರ್ಷಕ್ಕೊಮ್ಮೆ ಆಶ್ವಯುಜ ಮಾಸದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ ‘ಸೊಸೆ ಕಲ್ಲು’ ಎಂಬುದೊಂದಿದೆ. ಅತ್ತೆಯ ಕಿರುಕುಳಕ್ಕೆ ಸಿಕ್ಕ ಸೊಸೆ ದೇವಿಯ ಸನ್ನಿಧಿಯಲ್ಲೇ ಏಟು ತಿಂದು ಕೂಗಿಕೊಂಡಳೆಂದೂ, ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿಯಲ್ಲೇ ಇರಿಸಿಕೊಂಡಳೆಂದೂ, ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯತ್ತ ಸರಿಯುತ್ತದೆಂದೂ ಐತಿಹ್ಯ. ನೆರೆಯವರ ಭಕ್ತಿಯ ಬಗ್ಗೆ ಮೇಲಿನಿಂದ ಮಾತಾಡುವುದು ಈ ಲೇಖನದ ಉದ್ದೇಶವಲ್ಲ. ಏಟು ತಿಂದವಳ ಕೂಗನ್ನು ದೈವ ಕೇಳಿತು ಎಂದು ಈ ಊರು ನಂಬಿ ಉಳಿಸಿಕೊಂಡದ್ದು ಗೌರವಿಸಬೇಕಾದ ಸಂಗತಿ. ಆದರೂ ಅದು ಕೊಡುವ ರಕ್ಷಣೆಯ ರೂಪವನ್ನು ಗಮನಿಸಬೇಕು: ಕಲ್ಲಾದವಳಿಗೆ ಏಟು ತಾಗದು, ಮಾತೂ ಇರದು. ಮೌನದ ಬೆಲೆ ತೆತ್ತು ಪಡೆಯುವ ಸುರಕ್ಷೆ ಸುರಕ್ಷೆಯೇ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಗ್ರಂಥವೂ ಕೇಳುತ್ತದೆ, ಅದೂ ಇನ್ನಷ್ಟು ಕಠೋರವಾಗಿ.

2. ಬೇತ್ಲೆಹೇಮಿನ ತವರುಮನೆ

ನ್ಯಾಯಸ್ಥಾಪಕರು 19ನೇ ಅಧ್ಯಾಯ ನಮ್ಮ ಭಾನುವಾರದ ಪಾಠಗಳಲ್ಲಿ ಬರುವುದಿಲ್ಲವೆಂದೇ ಹೇಳಬಹುದು. ಬಂದರೂ ಗಿಬೆಯದ ಜನರ ದುಷ್ಟತನ, ಅರಸನಿಲ್ಲದ ನಾಡಿನ ಅರಾಜಕತೆ ಎಂಬ ಎರಡು ವಿಷಯಗಳಿಗೆ ಪ್ರಸಂಗ ಮುಗಿಯುತ್ತದೆ. ಆದರೆ ಆ ರಾತ್ರಿಗೂ ಮೊದಲು ಕಥನ ಬಹಳ ಹೊತ್ತು ಒಂದು ಮನೆಯೊಳಗೆ ನಿಲ್ಲುತ್ತದೆ. ಎಫ್ರಾಯೀಮ್ ಬೆಟ್ಟದ ಸೀಮೆಯಲ್ಲಿದ್ದ ಲೇವಿಯನ ಉಪಪತ್ನಿ ಅವನನ್ನು ಬಿಟ್ಟು ಯೆಹೂದದ ಬೇತ್ಲೆಹೇಮಿನಲ್ಲಿದ್ದ ತಂದೆಯ ಮನೆಗೆ ಬಂದು ನಾಲ್ಕು ತಿಂಗಳು ಇರುತ್ತಾಳೆ. ಏಕೆ ಬಂದಳು? ಹೀಬ್ರೂ ಮೂಲ ಅವಳ ಮೇಲೆ ವ್ಯಭಿಚಾರದ ಮಾತನ್ನು ಹೊರಿಸುತ್ತದೆ. ಗ್ರೀಕ್ ಅನುವಾದದ ಒಂದು ಮುಖ್ಯ ಪಾಠ ಅವಳು ಅವನ ಮೇಲೆ ಸಿಟ್ಟಾದಳು ಎನ್ನುತ್ತದೆ. ಈ ಪಾಠಾಂತರ ಪ್ರತಿಗಳ ಇತಿಹಾಸಕ್ಕಷ್ಟೇ ಸೇರಿದ ಸಂಗತಿಯಲ್ಲ. ಮನೆ ಬಿಟ್ಟು ಬಂದವಳ ವಿಷಯದಲ್ಲಿ ಇಂದಿಗೂ ಮೊದಲು ಏಳುವುದು ಇದೇ ಪ್ರಶ್ನೆ: ತಪ್ಪು ಅವಳದೋ, ಅವನದೋ? ಪ್ರತಿಗಳೇ ಭಿನ್ನವಾಗಿರುವಲ್ಲಿ ನಮ್ಮ ಬೋಧಕರು ಸಂದೇಹದ ಲಾಭವನ್ನು ಯಾರಿಗೆ ಕೊಡುತ್ತ ಬಂದಿದ್ದಾರೆಂದು ಕೇಳಿಕೊಳ್ಳಬೇಕು.

ಲೇವಿಯನು ಅವಳ ಹೃದಯದೊಂದಿಗೆ ಮಾತಾಡಿ ಅವಳನ್ನು ಕರೆತರಲು ಹೊರಡುತ್ತಾನೆಂದು ಕಥನ ಹೇಳುತ್ತದೆ. ಅವಳೇ ಅವನನ್ನು ಮನೆಯೊಳಗೆ ಕರೆತರುತ್ತಾಳೆ. ಅಲ್ಲಿಂದ ಮುಂದೆ ಅವಳು ಕಾಣುವುದಿಲ್ಲ. ಮಾವ ಅಳಿಯನನ್ನು ಕಂಡು ಹಿಗ್ಗುತ್ತಾನೆ. ಮೂರು ದಿನ ಊಟ ಉಪಚಾರ, ನಾಲ್ಕನೆಯ ದಿನ ಮತ್ತೆ ಒತ್ತಾಯ, ಐದನೆಯ ದಿನ ಸಂಜೆಯವರೆಗೂ ಒತ್ತಾಯ. ಆ ಸಂಭಾಷಣೆಯಲ್ಲಿ ‘ಹೃದಯ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ, ಆದರೆ ಪ್ರತಿಸಲವೂ ಅದು ಗಂಡಸಿನ ಹೃದಯ: ಉಂಡು ತಣಿಯಬೇಕಾದ, ಸಂತೋಷಗೊಳ್ಳಬೇಕಾದ ಅಳಿಯನ ಹೃದಯ. ಯಾರ ಹೃದಯದೊಂದಿಗೆ ಮಾತಾಡಲು ಅವನು ಬಂದನೋ ಅವಳೊಂದಿಗೆ ಅವನು ಆಡಿದ ಒಂದು ಮಾತನ್ನೂ ಕಥನ ದಾಖಲಿಸುವುದಿಲ್ಲ. ಫಿಲಿಸ್ ಟ್ರಿಬಲ್ ತಮ್ಮ 1984ರ ಗ್ರಂಥದಲ್ಲಿ ಈ ಅಧ್ಯಾಯವನ್ನು ಭೀತಿಯ ಪಠ್ಯಗಳಲ್ಲಿ ಒಂದೆಂದು ಹೆಸರಿಸಿ ಈ ಮೌನದ ಕಡೆಗೆ ವಿದ್ವಾಂಸರ ಗಮನ ಸೆಳೆದರು. ಆ ಓದಿಗೆ ನಾವು ಋಣಿಗಳು. ಆದರೆ ಹಳೇ ಮೈಸೂರಿನ ಸೀಮೆಯಲ್ಲಿ ಕುಳಿತು ಓದುವವರಿಗೆ ಗಿಬೆಯದ ರಾತ್ರಿಗಿಂತ ಬೇತ್ಲೆಹೇಮಿನ ಐದು ದಿನಗಳು ಹೆಚ್ಚು ಪರಿಚಿತ. ಅಳಿಯ ಬಂದ, ಕೋಳಿ ಕೊಯ್ದರು, ದೊಡ್ಡವರು ಕೂತು ಮಾತಾಡಿದರು, ಎಲ್ಲ ಸರಿಹೋಯಿತು, ಮಗಳನ್ನು ಕಳಿಸಿಕೊಟ್ಟರು. ಇದನ್ನು ನಾವು ‘ರಾಜಿ’ ಎನ್ನುತ್ತೇವೆ. ಸಭಾಪಾಲಕರು ನಡುವೆ ಕೂತಿದ್ದರೆ ‘ಸಮಾಧಾನ’ ಎನ್ನುತ್ತೇವೆ.

ಈ ತಂದೆ ದುಷ್ಟನಲ್ಲ ಎಂಬುದೇ ಇಲ್ಲಿ ಮುಖ್ಯ. ನಾಲ್ಕು ತಿಂಗಳು ಅವನು ಮಗಳಿಗೆ ಅನ್ನ, ನೆರಳು ಕೊಟ್ಟಿದ್ದಾನೆ. ಅಳಿಯ ಹೊರಡುವುದನ್ನು ದಿನದಿನವೂ ತಡೆದಿದ್ದಾನೆ. ಬಹುಶಃ ಮಗಳನ್ನು ಕಳಿಸಲು ಅವನಿಗೂ ಮನಸ್ಸಿರಲಿಲ್ಲ. ಆದರೆ ಅವನ ಬಳಿ ಇದ್ದ ಉಪಕರಣ ಆತಿಥ್ಯವೊಂದೇ. ನಿನಗೆ ಏನಾಯಿತು, ಹೋಗಲು ನಿನಗೆ ಒಪ್ಪಿಗೆಯೇ ಎಂದು ಅವನು ಮಗಳನ್ನು ಕೇಳಿದ ಸುಳಿವಿಲ್ಲ. ಮುಂದೆ ಕೈಯೆತ್ತುವುದಿಲ್ಲವೆಂಬ ಮಾತನ್ನು ಅಳಿಯನಿಂದ ಪಡೆದ ಸುಳಿವೂ ಇಲ್ಲ. ಒಳ್ಳೆಯ ಮನಸ್ಸಿನ ಆಶ್ರಯ ಹೀಗೆ ಸೋಲುತ್ತದೆ. ಗಿಬೆಯದ ಮುದುಕನೂ ಅಂಥವನೇ. ಅವನು ಪ್ರಯಾಣಿಕರನ್ನು ಬೀದಿಯಲ್ಲಿ ಬಿಡದೆ ಮನೆಗೆ ಕರೆದವನು. ಆದರೆ ಬಾಗಿಲ ಮುಂದೆ ಗುಂಪು ನೆರೆದಾಗ ಅವನ ಆತಿಥ್ಯಧರ್ಮ ಅತಿಥಿಯಾದ ಗಂಡಸನ್ನು ಕಾಪಾಡಲು ಮನೆಯ ಮಗಳನ್ನೂ ಬಂದವಳನ್ನೂ ಕೊಡಲು ಮುಂದಾಗುತ್ತದೆ. ಅವಳನ್ನು ಹಿಡಿದು ಹೊರಗೆ ತಳ್ಳುವವನು ಲೇವಿಯನೇ. ಬೆಳಗಾದಾಗ ಅವಳು ಬಾಗಿಲಲ್ಲಿ ಬಿದ್ದಿದ್ದಾಳೆ, ಕೈಗಳು ಹೊಸ್ತಿಲ ಮೇಲಿವೆ.

ಮುಂದಿನ ಅಧ್ಯಾಯದಲ್ಲಿ ಇಸ್ರಾಯೇಲಿನ ಸಭೆ ಕೂಡಿದಾಗ ಸಾಕ್ಷಿ ಹೇಳುವವನು ಅದೇ ಲೇವಿಯನು. ಗುಂಪು ತನ್ನನ್ನು ಕೊಲ್ಲಬೇಕೆಂದಿತ್ತು ಎಂದು ಹೇಳುವ ಅವನು ತಾನು ಅವಳನ್ನು ಹೊರಗೆ ತಳ್ಳಿದ್ದನ್ನು ಹೇಳುವುದಿಲ್ಲ. ಸಭೆ ಅವನೊಬ್ಬನ ಮಾತು ಕೇಳಿ ಯುದ್ಧಕ್ಕೆ ಹೊರಡುತ್ತದೆ. ಯುದ್ಧದ ಕೊನೆಯಲ್ಲಿ ಬೆನ್ಯಾಮೀನ್ಯರ ವಂಶ ಉಳಿಸಲೆಂದು ಯಾಬೇಷಿನಿಂದ ನಾನೂರು ಮಂದಿ ಕನ್ಯೆಯರನ್ನು ತಂದುಕೊಡುತ್ತದೆ, ಅದೂ ಸಾಲದೆ ಶೀಲೋವಿನಲ್ಲಿ ಕುಣಿಯುತ್ತಿದ್ದ ಹುಡುಗಿಯರನ್ನು ಹಿಡಿದೊಯ್ಯಲು ಬಿಡುತ್ತದೆ. ಗಂಡಸರ ನಡುವೆ ಸಮಾಧಾನವಾಯಿತು, ಅದರ ಬೆಲೆಯನ್ನು ಹೆಂಗಸರು ತೆತ್ತರು. ಆದ್ದರಿಂದ ಅರಸನಿಲ್ಲದ ಕಾಲವೆಂಬ ಗ್ರಂಥದ ಮಾತನ್ನು ಮನೆಯಲ್ಲಿ ಯಜಮಾನನ ಅಧಿಕಾರ ಬಿಗಿಯಾಗಿರಬೇಕೆಂಬ ಪಾಠಕ್ಕೆ ಬಳಸುವ ಪ್ರಸಂಗ ಪಠ್ಯಕ್ಕೆ ವಿರುದ್ಧವಾದುದು. ಇಲ್ಲಿ ಯಜಮಾನರಿಗೆ ಕೊರತೆಯಿಲ್ಲ. ತಂದೆ, ಗಂಡ, ಮನೆಯೊಡೆಯ, ಸಭೆಯ ಹಿರಿಯರು ಎಲ್ಲರೂ ಇದ್ದಾರೆ. ಅವಳನ್ನು ಕೇಳುವವರು ಮಾತ್ರ ಇಲ್ಲ.

3. ಆಕ್ಷೇಪಗಳು

ಇದಕ್ಕೆ ಎದುರಾಗಿ ಬರುವ ಶಾಸ್ತ್ರವಾಕ್ಯಗಳನ್ನು ತಪ್ಪಿಸಿ ಹೋಗುವುದು ಪ್ರಾಮಾಣಿಕವಲ್ಲ. ಮೊದಲನೆಯದು ಹಾಗರಳದು. ಆದಿಕಾಂಡ 16ರಲ್ಲಿ ದೇವದೂತನು ಓಡಿಬಂದ ಹಾಗರಳನ್ನು ಯಜಮಾನಿಯ ಬಳಿಗೆ ಹಿಂತಿರುಗೆನ್ನುತ್ತಾನೆ. ಇದು ಕಷ್ಟದ ಪಠ್ಯ; ಅದರ ಕಾಠಿನ್ಯವನ್ನು ಯಾವ ವ್ಯಾಖ್ಯಾನವೂ ಪೂರ್ತಿ ಕರಗಿಸದು. ಆದರೂ ಆಜ್ಞೆಗೆ ಮೊದಲು ದೂತನು ಅವಳನ್ನು ಹೆಸರಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಕೇಳುತ್ತಾನೆ. ಅವಳ ಉತ್ತರಕ್ಕೆ ಕಾಯುತ್ತಾನೆ. ವಾಗ್ದಾನವನ್ನು ಅವಳಿಗೇ ಕೊಡುತ್ತಾನೆ. ದೇವರಿಗೆ ಹೆಸರಿಡುವ ಮಾತು ಅವಳ ಬಾಯಿಂದ ಬರುತ್ತದೆ. 21ನೇ ಅಧ್ಯಾಯದಲ್ಲಿ ಅವಳು ಮತ್ತೆ ಅರಣ್ಯದಲ್ಲಿದ್ದಾಗ ಹಿಂತಿರುಗೆಂಬ ಮಾತು ಬರುವುದಿಲ್ಲ. ಒಂದು ಕಥೆಯ ಒಂದು ಆಜ್ಞೆಯನ್ನು ಎಲ್ಲ ಕಾಲದ ಎಲ್ಲ ಹೆಂಗಸರಿಗೆ ವಿಧಿಯಾಗಿಸುವವರು ಅದೇ ಕಥೆಯ ಎರಡನೆಯ ಅರ್ಧವನ್ನು ಏಕೆ ಬಿಡುತ್ತಾರೆಂಬುದಕ್ಕೆ ಉತ್ತರ ಕೊಡಬೇಕು.

ಎರಡನೆಯದು ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ. ಹೆಂಡತಿಯರ ಅಧೀನತೆಯ ಮಾತು 22ನೇ ವಚನದಲ್ಲಿ ಬರುತ್ತದೆಂದು ನಾವು ಓದುತ್ತೇವೆ. ಆದರೆ ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ ಆ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. ಅದು ಹಿಂದಿನ ವಚನದಿಂದ, ಅಂದರೆ ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂಬ ಮಾತಿನಿಂದ, ತನ್ನ ಕ್ರಿಯೆಯನ್ನು ಎರವಲು ಪಡೆಯುತ್ತದೆ. ಮುಂದೆ ಗಂಡಂದಿರಿಗೆ ಹೇಳಿದ ಮಾತು ಹೆಂಡತಿಯರಿಗೆ ಹೇಳಿದ್ದಕ್ಕಿಂತ ಬಹಳ ಉದ್ದ, ಅದರ ಅಳತೆಗೋಲು ತನ್ನನ್ನು ಒಪ್ಪಿಸಿಕೊಟ್ಟ ಕ್ರಿಸ್ತನು. ವಿವಾಹದ ಆರಾಧನೆಯಲ್ಲಿ ಈ ಭಾಗವನ್ನು ಓದುವಾಗ ನಮ್ಮ ಪ್ರಸಂಗದ ಕಾಲಾವಧಿಯೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಗಿದೆಯೇ ಎಂಬುದು ಪರೀಕ್ಷಿಸಲು ಸುಲಭವಾದ ಸಂಗತಿ.

ಮೂರನೆಯದು ಮಲಾಕಿಯ 2:16. ವಿವಾಹವಿಚ್ಛೇದನವನ್ನು ಖಂಡಿಸಲು ಈ ವಚನದ ಮೊದಲ ಅರ್ಧವನ್ನು ಬಳಸದ ಬೋಧಕರಿಲ್ಲ. ಎರಡನೆಯ ಅರ್ಧ ಹಿಂಸೆಯನ್ನು ಬಟ್ಟೆಯಂತೆ ಹೊದ್ದವನ ಬಗ್ಗೆ ಹೇಳುತ್ತದೆ. ಅಲ್ಲಿರುವ ಪದ ಹಾಮಾಸ್, ಜಲಪ್ರಳಯಕ್ಕೆ ಮುನ್ನ ಭೂಮಿಯನ್ನು ತುಂಬಿದ್ದ ಹಿಂಸೆಗೆ ಆದಿಕಾಂಡ ಬಳಸುವ ಪದವೇ. ಒಂದೇ ವಚನದ ಎರಡು ಅರ್ಧಗಳಲ್ಲಿ ಒಂದನ್ನು ಮಾತ್ರ ಬಾಯಿಪಾಠ ಮಾಡಿಸುವ ಬೋಧನೆಯನ್ನು ಅರ್ಧ ಬೋಧನೆಯೆಂದೇ ಕರೆಯಬೇಕು. ಕಥೋಲಿಕ ಸಭೆಯ ಧರ್ಮಸಂಹಿತೆಯ 1153ನೇ ವಿಧಿ ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಬೇರೆ ಇರಲು ನ್ಯಾಯಸಮ್ಮತ ಕಾರಣವನ್ನು ಕಾಣುತ್ತದೆ. ಪೋಪ್ ಫ್ರಾನ್ಸಿಸರ 2016ರ ‘ಅಮೋರಿಸ್ ಲೆಟಿಶಿಯ’ ಬೇರ್ಪಡುವಿಕೆ ಕೆಲವೊಮ್ಮೆ ನೈತಿಕ ಅಗತ್ಯವೂ ಆಗಬಹುದೆನ್ನುತ್ತದೆ. ದೇಶದ ಕಾನೂನು ಇಲ್ಲಿ ಸಭೆಗಿಂತ ಮುಂದಿರಲಿಲ್ಲವೆಂಬುದನ್ನೂ ನೆನೆಯಬೇಕು. 1869ರ ಭಾರತೀಯ ವಿವಾಹವಿಚ್ಛೇದನ ಕಾಯ್ದೆಯಡಿ ಕ್ರೈಸ್ತ ಹೆಂಡತಿಗೆ ಕ್ರೌರ್ಯವೊಂದೇ ವಿಚ್ಛೇದನಕ್ಕೆ ಕಾರಣವಾಗುತ್ತಿರಲಿಲ್ಲ. ಆ ಹಕ್ಕು ಬಂದದ್ದು 2001ರ ತಿದ್ದುಪಡಿಯಿಂದ. ನಮ್ಮ ಹಿರಿಯ ಪೀಳಿಗೆಯ ಹೆಂಗಸರ ತಾಳ್ಮೆಯನ್ನು ಕ್ರೈಸ್ತ ಸದ್ಗುಣವೆಂದು ಹೊಗಳುವಾಗ, ಅವರಿಗೆ ಬೇರೆ ಬಾಗಿಲು ಎಷ್ಟು ತೆರೆದಿತ್ತೆಂಬುದನ್ನೂ ಲೆಕ್ಕ ಹಾಕಬೇಕು.

ನಾಲ್ಕನೆಯ ಆಕ್ಷೇಪ ಶಾಸ್ತ್ರದ್ದಲ್ಲ, ಅನುಭವದ್ದು. ಆಲೂಗಡ್ಡೆಗೆ ರೋಗ, ಶುಂಠಿಗೆ ಬೆಲೆಯಿಲ್ಲ, ತಂಬಾಕಿನ ಸಾಲ, ಅದರ ಮೇಲೆ ಕುಡಿತ; ಗಂಡಸಿನ ಸಂಕಟವನ್ನೂ ನೋಡಬೇಡವೇ ಎಂದು ಕೇಳುವವರಿದ್ದಾರೆ. ನೋಡಬೇಕು, ಕುಡಿತ ಬಿಡಿಸುವ ಸೇವೆಯೂ ಬೇಕು. ಆದರೆ ಸಾಲ ಕೊಟ್ಟ ಸಾಹುಕಾರನ ಮೇಲೆ, ಬೆಲೆ ಕಟ್ಟಿದ ದಲ್ಲಾಳಿಯ ಮೇಲೆ ಏಳದ ಕೈ ಮನೆಯೊಳಗಿನವಳ ಮೇಲೆ ಮಾತ್ರ ಏಳುವುದಾದರೆ, ಅದು ಸಂಕಟದ ಉಕ್ಕಾಟವಲ್ಲ. ಯಾರ ಮೇಲೆ ಕೈಯೆತ್ತಿದರೆ ನಡೆಯುತ್ತದೆಂಬ ತಿಳಿವಳಿಕೆ ಆ ಕೈಗೆ ಇದೆ. ಆ ತಿಳಿವಳಿಕೆಗೆ ಸಭೆಯ ಮೌನವೂ ಒಂದು ಆಧಾರ.

4. ಕಾಯ್ದೆಯಿಂದ ಕಲಿಯಬೇಕಾದ ಶಿಸ್ತು

ಆತ್ಮೀಕ ಸಮಾಲೋಚನೆಯನ್ನು ಕಾನೂನಿನ ಸಮಾಲೋಚನೆಗಿಂತ ಮೇಲೆಂದು ಎಣಿಸುವುದು ನಮ್ಮ ರೂಢಿ. 2006ರ ಕೌಟುಂಬಿಕ ಹಿಂಸೆ ನಿಯಮಗಳಲ್ಲಿ 13 ಮತ್ತು 14ನೆಯವನ್ನು ಓದಿದರೆ ಆ ರೂಢಿ ಅಲುಗುತ್ತದೆ. ವ್ಯಾಜ್ಯದಲ್ಲಿ ಆಸಕ್ತಿಯುಳ್ಳವರು, ಕಕ್ಷಿಗಾರರ ಸಂಬಂಧಿಕರು ಸಮಾಲೋಚಕರಾಗುವಂತಿಲ್ಲ ಎಂಬುದು ಅಲ್ಲಿನ ಸಾಮಾನ್ಯ ತತ್ತ್ವ. ಹಿಂಸೆ ಮರುಕಳಿಸದೆಂಬ ಖಾತರಿಯತ್ತ ಸಮಾಲೋಚನೆ ಸಾಗಬೇಕು. ಹಿಂಸೆಗೆ ಗಂಡ ಯಾವ ಸಮರ್ಥನೆಯನ್ನೂ ಮುಂದಿಡುವಂತಿಲ್ಲ. ಇದನ್ನು ಮೊದಲೇ ಅವನಿಗೆ ತಿಳಿಸಬೇಕು. ಇನ್ನು ಮುಂದೆ ಹಿಂಸಿಸುವುದಿಲ್ಲವೆಂಬ ಮುಚ್ಚಳಿಕೆಯನ್ನು ಅವನು ಕೊಡಬೇಕು. ರಾಜಿಯ ಯತ್ನವೇನಿದ್ದರೂ ಅವಳು ಬಯಸಿದರೆ ಮಾತ್ರ. ನಮ್ಮ ಸಭಾಪಾಲಕರ ಪಡಸಾಲೆಯಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ತಿರುವುಮುರುವು: ಕಮಿಟಿಯಲ್ಲಿ ಗಂಡನ ಜೊತೆ ಕೂರುವವರೇ ಮಧ್ಯಸ್ಥರು, ‘ಅವಳೂ ಸುಮ್ಮನಿರುವುದಿಲ್ಲ’ ಎಂಬ ಅವನ ಮಾತಿಗೆ ಮೊದಲ ಕಿವಿ, ಕೊನೆಗೆ ಇಬ್ಬರ ಕೈ ಕೂಡಿಸಿ ಪ್ರಾರ್ಥನೆ.

ಆದರೆ ಈ ಶಿಸ್ತು ಸುವಾರ್ತೆಗೆ ಪರಕೀಯವಲ್ಲ. ಮತ್ತಾಯ 5:23–24ರಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕಾದವನು ಯಾರು? ಯಾರ ಮೇಲೆ ಸಹೋದರನಿಗೆ ದೂರಿದೆಯೋ ಅವನು, ಅಂದರೆ ನೋಯಿಸಿದವನು. ನೊಂದವಳನ್ನು ಕರೆದು ನೀನೇ ಮೊದಲು ಕ್ಷಮಿಸು ಎನ್ನುವುದಕ್ಕೆ ಈ ವಚನದಲ್ಲಿ ಎಡೆಯಿಲ್ಲ. ಜಕ್ಕಾಯನು ನಾಲ್ಕರಷ್ಟು ಹಿಂತಿರುಗಿಸುತ್ತೇನೆಂದ ಮೇಲೆಯೇ ಆ ಮನೆಗೆ ರಕ್ಷಣೆಯಾಯಿತೆಂಬ ಮಾತು ಬರುತ್ತದೆ. ಜನರ ಗಾಯವನ್ನು ಮೇಲುಮೇಲಕ್ಕೆ ವಾಸಿಮಾಡಿ, ಸಮಾಧಾನವಿಲ್ಲದಿರುವಾಗ ಸಮಾಧಾನವೆಂದು ಸಾರುವ ಯಾಜಕರನ್ನು ಯೆರೆಮೀಯನು 6ನೇ ಅಧ್ಯಾಯದಲ್ಲಿ ಖಂಡಿಸುತ್ತಾನೆ. ಕ್ಷಮೆ ನೊಂದವರು ಕೊಡಬಹುದಾದ ವರ. ಅದನ್ನು ಸಭೆ ಅವರಿಂದ ವಸೂಲು ಮಾಡುವ ತೆರಿಗೆಯಾಗಿಸಕೂಡದು.

ಕಾಯ್ದೆಯ 17 ಮತ್ತು 19ನೇ ಪ್ರಕರಣಗಳಿಗೂ ದೇವಶಾಸ್ತ್ರದ ತೂಕವಿದೆ. ಮನೆಯ ಹಕ್ಕುಪತ್ರ ಯಾರ ಹೆಸರಿನಲ್ಲಿದ್ದರೂ ಕೂಡಿಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅಗತ್ಯಬಿದ್ದರೆ ಹಿಂಸಿಸುವ ಗಂಡಸನ್ನೇ ಮನೆಯಿಂದ ಹೊರಗಿರಿಸಲು ನ್ಯಾಯಾಧೀಶರು ಆದೇಶಿಸಬಹುದು. ಹಿಂಸೆಯಾದರೆ ಹೊರಡಬೇಕಾದವಳು ಅವಳೇ ಎಂಬುದು ನಮ್ಮ ದಾನಧರ್ಮದ ಮೂಲಗ್ರಹಿಕೆ. ಹೊರಬಿದ್ದ ಮೇಲೆ ಅನ್ನ ಬಟ್ಟೆ ಕೊಡಲು ನಾವು ಸಿದ್ಧರು. ಗಿಬೆಯದ ಹೊಸ್ತಿಲ ಮೇಲಿನ ಕೈಗಳನ್ನು ಕಂಡ ಸಭೆ ಅಷ್ಟಕ್ಕೆ ನಿಲ್ಲಲಾರದು. ಅವಳು ಹೊರಗೇಕೆ, ಬಾಗಿಲು ಹಾಕಿದವರು ಯಾರು ಎಂದು ಕೇಳದ ದಾನ, ಬೆಳಗಾದ ಮೇಲೆ ಬಾಗಿಲು ತೆರೆದು ಏಳು, ಹೋಗೋಣ ಎಂದವನ ಮಾತಿಗಿಂತ ಬಹಳ ದೂರದ್ದಲ್ಲ.

5. ಸಭಾಸೇವೆಯ ದಾರಿ

ಅಪೊಸ್ತಲರ ಕೃತ್ಯಗಳು 6ರಲ್ಲಿ ಸಭಾಸೇವೆ ಹುಟ್ಟಿದ್ದು ಒಂದು ಗೊಣಗಾಟದಿಂದ: ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಕಡೆಗಣಿಸಲ್ಪಟ್ಟರು. ಅಪೊಸ್ತಲರು ಆ ದೂರನ್ನು ಅವಿಧೇಯತೆಯೆಂದು ಎಣಿಸದೆ, ಹಂಚುವವರನ್ನೂ ಹಂಚುವ ಕ್ರಮವನ್ನೂ ಬದಲಿಸಿದರು. ಹೊಲಿಗೆಯಂತ್ರ, ಒಂದು ಮೂಟೆ ಅಕ್ಕಿ, ಕ್ರಿಸ್ಮಸ್ಸಿಗೆ ಸೀರೆ ಎಂಬ ನಮ್ಮ ವಾಡಿಕೆಯ ದಾನವನ್ನು ನಾನು ಹೀಗಳೆಯುತ್ತಿಲ್ಲ. ಯೊಪ್ಪದ ತಬಿಥಾ ಹೊಲಿದ ಅಂಗಿಗಳನ್ನು ವಿಧವೆಯರು ಅಳುತ್ತ ತೋರಿಸಿದ್ದನ್ನು ಲೂಕನು ದಾಖಲಿಸಿದ್ದಾನೆ. ಆದರೆ ಗಂಡನ ಮನೆಯಲ್ಲೇ ಇರುವವಳಿಗೆ ಕೊಟ್ಟ ಹೊಲಿಗೆಯಂತ್ರದ ದುಡಿಮೆ ಯಾರ ಕೈ ಸೇರುತ್ತದೆಂದು ಕೇಳದ ದಾನ ಅರ್ಧದಾರಿಯದು. ಬಡವರ ನಿಧಿಯ ಲೆಕ್ಕದಲ್ಲಿ ಅವಳ ಹೆಸರನ್ನೂ ಕಾರಣವನ್ನೂ ಬರೆದು ವಾರ್ಷಿಕ ಸಭೆಯಲ್ಲಿ ಓದುವ ಪದ್ಧತಿ ಎಲ್ಲಿದೆಯೋ ಅಲ್ಲಿ ದಾನವೇ ಅಪಾಯ.

ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ರೈಸ್ತರು ಸಂಖ್ಯೆಯಲ್ಲಿ ಅಲ್ಪರು. ಆದರೆ ಶಾಲೆ, ವಸತಿನಿಲಯ, ಆಸ್ಪತ್ರೆಗಳ ರೂಪದಲ್ಲಿ ಸಭೆಯ ಕೈ ಅದಕ್ಕಿಂತ ಉದ್ದವಾಗಿದೆ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ವೆಸ್ಲಿಯನ್ ಮಿಷನ್ನಿನವರು ಹೆಂಗಸರು ಮಕ್ಕಳಿಗಾಗಿ ತೊಡಗಿದ ವೈದ್ಯಸೇವೆಯ ಫಲ; ಕಥೋಲಿಕ ಸಭೆಯಲ್ಲಿ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂಬ ಮಾತನ್ನು ಮೊದಲು ಕೇಳುವವರು ಆಸ್ಪತ್ರೆಯ ದಾದಿಯರು, ಮಗು ಏಕೆ ಮಂಕಾಗಿದೆಯೆಂದು ಮೊದಲು ಕಾಣುವವರು ಶಾಲೆಯ ಉಪಾಧ್ಯಾಯಿನಿಯರು. ಇವರಿಗೆ ತಿಳಿವಳಿಕೆ ಕೊಡುವುದು ಹೊಸ ಕಟ್ಟಡ ಕಟ್ಟುವುದಕ್ಕಿಂತ ಅಗ್ಗ, ಅದಕ್ಕಿಂತ ಫಲಕಾರಿ.

ಕಾಯ್ದೆಯ 10ನೇ ಪ್ರಕರಣದಂತೆ, ಸ್ತ್ರೀಯರ ಹಕ್ಕುಗಳ ರಕ್ಷಣೆಯನ್ನು ಉದ್ದೇಶವಾಗಿ ಹೊಂದಿದ ನೋಂದಾಯಿತ ಸಂಘ ‘ಸೇವಾದಾತ’ ಎಂದು ಸರ್ಕಾರದಲ್ಲಿ ನೋಂದಾಯಿಸಿಕೊಂಡು, ಹಿಂಸೆಯ ವರದಿಯನ್ನು ದಾಖಲಿಸಬಹುದು, ವೈದ್ಯಕೀಯ ಪರೀಕ್ಷೆಗೆ ಏರ್ಪಾಡು ಮಾಡಬಹುದು, ಆಶ್ರಯಕ್ಕೆ ಸೇರಿಸಬಹುದು. ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಘಗಳು ಈ ಹೊಣೆಯನ್ನು ಹೊರಲು ಯೋಗ್ಯವಾದವು. 4ನೇ ಪ್ರಕರಣದಂತೆ, ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಮನೆಯ ವಿಷಯದಲ್ಲಿ ಸಭಾಪಾಲಕರು ತಲೆಹಾಕಬಾರದೆಂಬ ಮಾತಿಗೆ ಕಾನೂನಿನ ಆಸರೆ ಇಲ್ಲ. ಆದರೆ ವಯಸ್ಕಳ ವಿಷಯದಲ್ಲಿ ಅವಳನ್ನು ಕೇಳದೆ ಹೆಜ್ಜೆಯಿಡುವುದೂ ಬೇತ್ಲೆಹೇಮಿನ ತಪ್ಪಿನ ಇನ್ನೊಂದು ರೂಪವೇ. ಜೀವಾಪಾಯವಿರುವಾಗಲೂ, ಮಕ್ಕಳ ವಿಷಯದಲ್ಲೂ ಮಾತ್ರ ಈ ನಿಯಮ ಸಡಿಲಬೇಕು.

ಯಾವ ಅನುದಾನವೂ ಬೇಡದ ಕೆಲಸಗಳೂ ಇವೆ. ವಿವಾಹದ ದಾಖಲೆ ಪುಸ್ತಕ ಸಭಾಪಾಲಕರ ವಶದಲ್ಲಿರುತ್ತದೆ. ನ್ಯಾಯಾಲಯದಲ್ಲಿ ಮದುವೆಯನ್ನು ರುಜುವಾತುಪಡಿಸಲು ಅದರ ನಕಲು ಬೇಕು. ಗಂಡನಿಗೆ ಹೇಳಿಕಳಿಸದೆ, ಕಾರಣ ಕೇಳದೆ, ಕೇಳಿದ ದಿನವೇ ನಕಲು ಕೊಡುವುದು ಒಂದು ಸಭಾಸೇವೆ. ಪ್ರತಿ ಸಭೆಯಲ್ಲೂ ಕಮಿಟಿಗೆ ಉತ್ತರ ಹೇಳಬೇಕಿಲ್ಲದ ಇಬ್ಬರು ಹೆಂಗಸರ ಕೈಯಲ್ಲಿ ಸಣ್ಣದೊಂದು ನಿಧಿಯೂ ಒಂದು ಕೋಣೆಯ ಬೀಗದ ಕೈಯೂ ಇರುವುದು ಇನ್ನೊಂದು. ಸಖಿಯ ಐದು ದಿನಗಳು ಮುಗಿದ ಆರನೆಯ ದಿನ ಅವಳು ಎಲ್ಲಿರಬೇಕೆಂಬುದಕ್ಕೆ ಉತ್ತರ ಅಲ್ಲಿ ಸಿಗಬೇಕು. ಹಿಂಸಿಸಿದವನು ಕಮಿಟಿಯ ಸದಸ್ಯನೋ, ಗಾಯನವೃಂದದವನೋ, ಪಾಲಕನೋ ಆಗಿದ್ದರೂ ವಿಚಾರಣೆ ಮುಗಿಯುವವರೆಗೆ ಆ ಸ್ಥಾನದಿಂದ ದೂರ ಇರಿಸುವುದು ಮತ್ತೊಂದು. ಮತ್ತಾಯ 18ರ ಕ್ರಮವನ್ನು ಬೇರೆ ತಪ್ಪುಗಳಿಗೆ ಅನ್ವಯಿಸುವ ನಾವು ಇದಕ್ಕೆ ಮಾತ್ರ ವಿನಾಯಿತಿ ಕೊಡಲು ಕಾರಣವಿಲ್ಲ.

ಒಂದು ಎಚ್ಚರಿಕೆ. ನಮ್ಮ ನಾಡಿನ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಸದನ ಪುಣೆಗೆ ಹೋದ ಮೇಲೆ, ಅಲ್ಲಿನ ವಿಧವೆಯರು ಅವರ ಪ್ರಾರ್ಥನೆಯಲ್ಲಿ ಕೂರುತ್ತಾರೆಂಬ ವಿವಾದವೆದ್ದು 1893ರಲ್ಲಿ ಸಲಹಾ ಮಂಡಳಿ ರಾಜೀನಾಮೆ ಕೊಟ್ಟಿತು. ಅನೇಕ ಹುಡುಗಿಯರನ್ನು ಮನೆಯವರು ಹಿಂದಕ್ಕೆ ಕರೆದೊಯ್ದರು. ಯಾರ ತಪ್ಪೆಂಬುದು ಚರ್ಚೆಯ ವಿಷಯ. ನಷ್ಟವಾದದ್ದು ಆ ಹುಡುಗಿಯರಿಗೆ ಎಂಬುದರಲ್ಲಿ ಚರ್ಚೆಯಿಲ್ಲ. ಸಭೆಯ ಆಶ್ರಯಕ್ಕೆ ಬರುವವರಲ್ಲಿ ಹೆಚ್ಚಿನವರು ಅನ್ಯಧರ್ಮೀಯರಾಗಿರುವ ಈ ಸೀಮೆಯಲ್ಲಿ ನೆರವಿಗೆ ಯಾವ ಧಾರ್ಮಿಕ ಷರತ್ತೂ ಇರಕೂಡದು, ಇದೆಯೆಂಬ ಸಂಶಯಕ್ಕೂ ಎಡೆಗೊಡಕೂಡದು. ಸಮಾರ್ಯದವನು ಗಾಯಗೊಂಡವನ ಧರ್ಮವನ್ನು ಕೇಳಲಿಲ್ಲ. ಚತ್ರದವನಿಗೆ ಹಣ ಕೊಟ್ಟು, ಹೆಚ್ಚು ಖರ್ಚಾದರೆ ಹಿಂತಿರುಗಿ ಬಂದು ಕೊಡುತ್ತೇನೆಂದನು. ದಾನಕ್ಕೆ ಹಿಂತಿರುಗಿ ಬರುವ ಹೊಣೆಯೂ ಸೇರಿದೆಯೆಂಬುದು ಆ ಸಾಮ್ಯದ ಮರೆತುಹೋದ ಭಾಗ.

ಸೆಮಿನರಿಗಳು ಈ ಕೆಲಸದಲ್ಲಿ ಹೊರಗಿನವರಲ್ಲ. ಪಾಲನಾಸೇವೆಯ ತರಗತಿಯಲ್ಲಿ 2005ರ ಕಾಯ್ದೆಯನ್ನೂ ಅದರ ನಿಯಮಗಳನ್ನೂ ಪಠ್ಯವಾಗಿ ಓದಿಸಬೇಕು. ಹಳೆ ಒಡಂಬಡಿಕೆಯ ತರಗತಿಯಲ್ಲಿ ನ್ಯಾಯಸ್ಥಾಪಕರು 19ನ್ನು ಬಿಟ್ಟು ಮುಂದೆ ಹೋಗಬಾರದು. ಆ ಅಧ್ಯಾಯದ ಕೊನೆಯ ವಚನ ಮೂರು ಕ್ರಿಯೆಗಳನ್ನು ಕೇಳುತ್ತದೆ: ಅವಳನ್ನು ಕುರಿತು ಯೋಚಿಸುವುದು, ಆಲೋಚನೆ ಮಾಡುವುದು, ಮಾತಾಡುವುದು. ಇಸ್ರಾಯೇಲು ಅವಳು ಸತ್ತ ಮೇಲೆ ಅವನ್ನು ಮಾಡಿತು. ಚನ್ನರಾಯಪಟ್ಟಣದಲ್ಲೋ ಅರಕಲಗೂಡಿನಲ್ಲೋ ಸಭಾಪಾಲಕರ ಬಾಗಿಲಿಗೆ ಬರುವವಳು ಬದುಕಿದ್ದಾಳೆ, ಅವಳಿಗೆ ಮಾತು ಬರುತ್ತದೆ. ಆದ್ದರಿಂದ ನಮ್ಮ ಪಾಲಿಗೆ ಆ ಮೂರು ಕ್ರಿಯೆಗಳಿಗೂ ಮೊದಲು ಬರಬೇಕಾದ ನಾಲ್ಕನೆಯದೊಂದಿದೆ: ಅವಳು ಹೇಳುವುದನ್ನು ಕೇಳುವುದು.